ಸಿಮಾಕನ ಮಹರ್

“ಆಡು ಬೇಡ. ಹೊಡ್ಕೊಂಡು ಹೋಗು,” ಎಂದಳು ಉನೈಸಾ, ಪರದೆಯ ಹಿಂದಿನಿಂದ.

ಖಿದಾಶ್ ಅಂಗಳದಲ್ಲಿ ಹಗ್ಗ ಹಿಡಿದು ನಿಂತಿದ್ದ. ಆಡು ಆಗಲೇ ಬಿಸಿಲಿಗೆ ಹರವಿದ್ದ ಬಾರ್ಲಿಗೆ ಬಾಯಿ ಹಾಕಿತ್ತು. ಅಣ್ಣ ಸಿಮಾಕ್ ಯಮಾಮಾದ ಯುದ್ಧದಲ್ಲಿ ಸತ್ತ ಸುದ್ದಿ ಬಂದಿದ್ದು ಚಳಿಗಾಲದಲ್ಲಿ. ಅವನಿಗೆ ಮಕ್ಕಳಿರಲಿಲ್ಲ. ಅವನ ಖರ್ಜೂರದ ತೋಟದಲ್ಲಿ ಅತ್ತಿಗೆಗೆ ಕಾಲು ಪಾಲು, ಮಿಕ್ಕಿದ್ದು ತಮ್ಮನಿಗೆ. ಆದರೆ ಸತ್ತವನ ಸಾಲ ತೀರುವವರೆಗೆ ಯಾರಿಗೂ ಪಾಲಿಲ್ಲ ಎನ್ನುವುದು ಕಟ್ಟಳೆ. ಸಿಮಾಕ್ ಯಾರ ಮುಂದೆಯೂ ಕೈಯೊಡ್ಡಿದವನಲ್ಲ. ಅವನಿಗಿದ್ದದ್ದು ಒಂದೇ ಸಾಲ, ಅದೂ ಹೆಂಡತಿಯದು.

“ಎರಡನೇ ಸೂಲಿನ ಆಡು ಅತ್ತಿಗೆ, ಹೊತ್ತಿಗೊಂದು ಕೊಡ ಹಾಲು ಕೊಡುತ್ತೆ. ಮದೀನಾದಲ್ಲಿ ಯಾವ ಹೆಂಗಸಿಗೆ ಇಂಥ ಮಹರ್ ಸಿಕ್ಕಿದೆ, ನೀನೇ ಹೇಳು.”

“ಕೊಡವೋ, ಚೊಂಬೋ? ನನ್ನ ಮಹರ್ ಆಡಲ್ಲ ಖಿದಾಶ್. ಏನು ಅಂತ ನಿಂಗೂ ಗೊತ್ತು.”

ಗೊತ್ತಿತ್ತು. ಮದುವೆಯಲ್ಲಿ ಗಂಡು ಹೆಣ್ಣಿಗೆ ಏನಾದರೊಂದು ಮಹರ್ ಕೊಡಲೇಬೇಕು. ಆಗ ತೋಟ ಅಪ್ಪನದು, ಸಿಮಾಕನ ಕೈಯಲ್ಲಿ ಕಬ್ಬಿಣದ ಉಂಗುರವೂ ಇರಲಿಲ್ಲ. ಇದ್ದದ್ದು ಬಾಯಲ್ಲಿದ್ದ ಕುರ್‌ಆನ್ ಮಾತ್ರ. ಬಡವನಿಗೆ ಅದನ್ನೇ ಮಹರ್ ಮಾಡಿಕೊಡುವ ಅವಕಾಶವಿತ್ತು. ಯೂಸುಫನ ಅಧ್ಯಾಯವನ್ನು ಹೆಂಡತಿಗೆ ಬಾಯಿಪಾಠ ಮಾಡಿಸುತ್ತೇನೆಂದು ಸಾಕ್ಷಿಗಳ ಎದುರು ಒಪ್ಪಿ ಅವನು ಉನೈಸಾಳನ್ನು ಮದುವೆಯಾದ.

ಬೆಳಗಿನ ನಮಾಜು ಮುಗಿಸಿ ಬಂದು ಪಾಠಕ್ಕೆ ಕೂತರೆ ಹೇಳುವುದು ಒಂದು ಸಾಲು, ಹರಟೆ ಹೊಡೆಯುವುದು ಬಿಸಿಲೇರುವ ತನಕ. “ಬೇಗ ಮುಗಿಸ್ಬಿಟ್ರೆ ನಾನು ನಿನ್ನ ಸಾಲಗಾರ ಅನ್ನೋ ಗತ್ತೇ ಹೋಗುತ್ತಲ್ಲೇ,” ಎಂದು ನಗುತ್ತಿದ್ದ. ದಂಡಿಗೆ ಕರೆ ಬಂದಾಗ ಕಥೆ ಅರ್ಧಕ್ಕೆ ನಿಂತಿತ್ತು. ಯೂಸುಫ್ ಸೆರೆಮನೆಯಲ್ಲಿದ್ದ. ಜೊತೆಯ ಇಬ್ಬರು ಕೈದಿಗಳು ಅವನಿಗೆ ತಮ್ಮ ಕನಸುಗಳನ್ನು ಹೇಳಿದ್ದರು, ಅಷ್ಟೇ. “ಬಂದ್ಮೇಲೆ ಬಿಡಿಸ್ತೀನಿ ಅವನ್ನ,” ಎಂದು ಹೇಳಿ ಸಿಮಾಕ್ ಒಂಟೆ ಹತ್ತಿದ.

ಪಾಲಿನ ಮಾತಿಗೆಂದು ಬಂದಿದ್ದ ಅಬೂ ಮುಲೈಲ್ ಗೋಡೆಗೊರಗಿ ಕೂತಿದ್ದರು. ಓಣಿಯ ಹಿರಿಯರು. ಅದೇ ಯುದ್ಧದಲ್ಲಿ ಎಡಗೈ ಕಳೆದುಕೊಂಡು ಬಂದವರು, ಕುರ್‌ಆನನ್ನು ಎದೆಯಲ್ಲಿಟ್ಟುಕೊಂಡು ಬದುಕಿ ಬಂದ ಕೆಲವರಲ್ಲಿ ಒಬ್ಬರು.

“ಮಗಳೇ, ಅಷ್ಟೇ ಆದ್ರೆ ನಾನೇ ಹೇಳ್ಕೊಡ್ತೀನಲ್ಲ. ಇವತ್ತೇ ಶುರುಮಾಡೋಣ.”

“ನೀವು ಹೇಳ್ಕೊಟ್ರೆ ಪುಣ್ಯ ನಿಮ್ಮದು ತಾತ. ನನ್ನ ಗಂಡನ ಸಾಲ ಇದ್ದ ಹಾಗೇ ಇರುತ್ತೆ.”

“ಹಂಗಾದ್ರೆ ಮನ್ನಾ ಮಾಡ್ಬಿಡು. ನಿನ್ನ ಹಕ್ಕು, ನೀನೇ ಬಿಟ್ಕೊಡಬಹುದು.”

“ಅವರು ಕೊಡ್ತೀನಿ ಅಂದಿದ್ರು ತಾತ, ಮಾಫಿ ಕೇಳಿರಲಿಲ್ಲ,” ಎಂದಳು ಉನೈಸಾ. “ಅವರ ಮನೆಯಿಂದಲೇ ಬರಲಿ. ಇವನು ಕಲಿತು ಬಂದು ಕಲಿಸಲಿ.”

ಅವಳದು ಹಟವೇ, ಇಲ್ಲವೆನ್ನುವಂತಿಲ್ಲ. ಆದರೆ ಹಟದ ಕೆಳಗೆ ಹೆದರಿಕೆಯಿತ್ತು. ಸಾಲ ತೀರದವನ ಆತ್ಮ ಆ ಸಾಲಕ್ಕೇ ಜೋತುಬಿದ್ದಿರುತ್ತದೆ ಎಂದು ಅವಳು ಕೇಳಿದ್ದಳು. ಬಾಯಿಪಾಠ ಬಲ್ಲವರು ಗುಂಪುಗುಂಪಾಗಿ ಯಮಾಮಾದಲ್ಲಿ ಮಣ್ಣಾಗಿದ್ದರು. ಉಳಿದದ್ದಾದರೂ ಕೈಬಿಟ್ಟು ಹೋಗದಿರಲೆಂದು, ಮೂಳೆ, ಚರ್ಮ, ಖರ್ಜೂರದ ಗರಿಯ ದಿಂಡು, ಯಾರು ಯಾವುದರ ಮೇಲೆ ಬರೆದಿಟ್ಟುಕೊಂಡಿದ್ದರೋ ಎಲ್ಲವನ್ನೂ ಮಸೀದಿಯ ಬಳಿ ತರಿಸಿಕೊಳ್ಳುತ್ತಿದ್ದರು. ಸಿಮಾಕ್ ಒಂದಕ್ಷರವನ್ನೂ ಬರೆದವನಲ್ಲ. ಅವನು ಬಿಟ್ಟುಹೋದದ್ದೆಲ್ಲ ಹೆಂಡತಿಯ ನಾಲಿಗೆಯ ಮೇಲಿತ್ತು, ಅದೂ ಅರ್ಧ. ದಿನವೂ ಮೊದಲಿನಿಂದ ಹೇಳಿಕೊಂಡು ಬರುತ್ತಿದ್ದಳು, ಸೆರೆಮನೆಯ ತನಕ. ಅಲ್ಲಿಗೆ ಬಂದು ನಿಂತಾಗ ಪ್ರತಿಸಲವೂ ಗಂಡ ಹೊಸದಾಗಿ ಸತ್ತಂತಾಗುತ್ತಿತ್ತು.

ಅಬೂ ಮುಲೈಲ್ ಖಿದಾಶನ ಕಡೆ ತಿರುಗಿದರು. “ಕೇಳಿದ್ಯೇನೋ? ಅವಳು ಕೇಳ್ತಿರೋದು ನ್ಯಾಯ.”

“ನಂಗೆ ನಮಾಜಿಗೆ ಬೇಕಾದಷ್ಟು ಬರುತ್ತೆ ತಾತ, ಅದೂ ಏಳುತ್ತ ಬೀಳುತ್ತ. ಇದು ಅಧ್ಯಾಯದ ಅರ್ಧ!”

“ತೋಟ ಬೇಕೋ ಬೇಡ್ವೋ?”

ಖಿದಾಶ್ ಆಡಿನ ಬಾಯಿಂದ ಬಾರ್ಲಿ ಎಳೆದುಹಾಕಿ ಯೋಚಿಸಿದ. ಅವನು ಕೆಟ್ಟವನಲ್ಲ, ಕೈ ಬಿಗಿ, ಅಷ್ಟೇ. ಬಹಳ ವರ್ಷ ಒಂಟೆ ಹೊಡೆದುಕೊಂಡು ಊರಾಚೆಯೇ ಇದ್ದು, ಧರ್ಮಕ್ಕೂ ಎಲ್ಲರಿಗಿಂತ ಕೊನೆಗೆ ಬಂದವನು. “ಸರಿ,” ಎಂದ. “ಆದ್ರೆ ಬಾಕಿ ಎಷ್ಟಿದ್ಯೋ ಅಷ್ಟೇ ಕಲಿಸಿ ತಾತ. ಸೆರೆಮನೆಯಿಂದ ಮುಂದಕ್ಕೆ. ಒಂದು ಸಾಲೂ ಹೆಚ್ಚಿಗೆ ಬೇಡ.”

ಆಗ ಖರ್ಜೂರದ ಹೂ ಕಟ್ಟುವ ಕಾಲ. ಗಂಡು ಮರದ ಹೂಗೊಂಚಲನ್ನು ಬಿಡಿಸಿ ಹೆಣ್ಣು ಮರದ ಗೊನೆಯೊಳಗೆ ಕಟ್ಟದಿದ್ದರೆ ಕಾಯಿ ನಿಲ್ಲುವುದಿಲ್ಲ. ಪಾಲು ಆಗಲಿ ಬಿಡಲಿ, ಮರ ಕಾಯುವುದಿಲ್ಲವಲ್ಲ. ಖಿದಾಶ್ ಸೊಂಟಕ್ಕೆ ಹಗ್ಗ ಬಿಗಿದು ಮರ ಹತ್ತುತ್ತಿದ್ದ. ಕೆಳಗೆ ಅಬೂ ಮುಲೈಲ್ ನೆರಳಿನಲ್ಲಿ ಕೂತು ಸಾಲು ಹೇಳುವರು. ಮೇಲಿನಿಂದ ಅವನು ತಿರುಗಿ ಹೇಳುವನು. ತಪ್ಪಿದರೆ ಮುದುಕರು ಒಂಟಿ ಕೈಯಲ್ಲಿ ಮಣ್ಣಹೆಂಟೆ ಎಸೆಯುತ್ತಿದ್ದರು. ಗುರಿ ಚೆನ್ನಾಗಿತ್ತು.

ಮನೆಯಲ್ಲಿ ಅವನ ಹೆಂಡತಿ ಬುಸೈನಾ ಹಿಟ್ಟು ನಾದುತ್ತ ನಗುತ್ತಿದ್ದಳು. “ರೀ, ಪಾಠದಲ್ಲಿ ಬರೋ ರಾಜನ ಕನಸಿನ ಹಸುಗಳನ್ನ ನಿನ್ನೆಯೂ ಅಲ್ಲೇ ಕಳ್ಕೊಂಡ್ರಿ. ನಿಮ್ಮ ಮಕ್ಕಳಿಗೇ ನಿಮಗಿಂತ ಮುಂಚೆ ಬರುತ್ತೆ ನೋಡಿ.” ಮಕ್ಕಳು ಮೂವರೂ ಅವನ ಬೆನ್ನಿಗೆ ಬಿದ್ದು, ಅವನು ತಡವರಿಸಿದಲ್ಲೆಲ್ಲ ಎತ್ತಿಕೊಡುತ್ತಿದ್ದರು.

ಸಂಜೆ ಇಳಿಬಿಸಿಲಿನಲ್ಲಿ ಅವನು ಅತ್ತಿಗೆಯ ಅಂಗಳಕ್ಕೆ ಬರುವನು. ಉನೈಸಾ ಇನ್ನೂ ಇದ್ದತ್ತಿನಲ್ಲಿದ್ದಳು, ವಿಧವೆಯ ಆ ಗಡುವು ಮುಗಿಯುವವರೆಗೆ ಮನೆ ಬಿಡುವಂತಿರಲಿಲ್ಲ. ಅವನು ಹೊರಗೆ, ಅವಳು ಒಳಗೆ, ನಡುವೆ ಪರದೆ. ಅವನು ತಂದ ಸಾಲನ್ನು ಅವಳು ಒಂದೆರಡು ಸಲದಲ್ಲೇ ಹಿಡಿದುಬಿಡುತ್ತಿದ್ದಳು. “ಇಷ್ಟೇನಾ ಇವತ್ತು?” ಎನ್ನುವಳು. “ನಿಮ್ಮಣ್ಣ ಕೂಡ ಹಿಂಗೇ, ಚಿಟಿಕೆ ಚಿಟಿಕೆ.” ಅವನಿಗೆ ಸಿಟ್ಟು ಬರುತ್ತಿತ್ತು. ಆದರೂ ಯೂಸುಫ್ ಸೆರೆಯಿಂದ ಹೊರಬಂದ ದಿನ ಪರದೆಯ ಹಿಂದೆ ಅವಳು ಜೋರಾಗಿ ಉಸಿರು ಬಿಟ್ಟದ್ದು ಕೇಳಿ, ತಾನೇ ಬೀಗ ತೆಗೆದವನ ಹಾಗೆ ಎದೆಯುಬ್ಬಿಸಿಕೊಂಡು ಮನೆಗೆ ಹೋದ.

ಮುಂದೆ ಮಗನನ್ನು ನೆನೆದು ಅತ್ತು ಅತ್ತು ಯೂಸುಫನ ಮುದಿ ತಂದೆಯ ಕಣ್ಣು ಬೆಳ್ಳಗಾಗುವ ಭಾಗ ಬಂತು. ಮರದ ಮೇಲೆ ಖಿದಾಶ್ ಅದನ್ನು ಸಲೀಸಾಗಿ ಒಪ್ಪಿಸಿದ್ದ. ಅಂಗಳದಲ್ಲಿ ಬಾಯಿ ತೆರೆದರೆ ದನಿ ಹೊರಡಲಿಲ್ಲ. ಸುದ್ದಿ ಬಂದ ದಿನವೂ ಅವನು ಅತ್ತಿರಲಿಲ್ಲ, ಕಳೆದುಹೋದ ಒಂಟೆ ಹುಡುಕಲು ಹೋಗಿದ್ದ. ಈಗ ಅತ್ತಿಗೆಯ ಎದುರು, ಮೊಣಕಾಲ ಮೇಲೆ ತಲೆಯಿಟ್ಟು, ಅಣ್ಣಾ ಅಣ್ಣಾ ಎಂದು ಎಳೆಮಗುವಿನ ಹಾಗೆ ಅತ್ತ. ಒಳಗಿನಿಂದಲೂ ಅಳು ಕೇಳಿಸಿತು. ಒಬ್ಬರಿಗೊಬ್ಬರು ಸಮಾಧಾನ ಹೇಳಲಿಲ್ಲ. ಬೇಕಾಗಿಯೂ ಇರಲಿಲ್ಲ.

ಆಮೇಲೆ ಅವನು ಕೆಲವು ದಿನ ಆ ಕಡೆ ತಲೆ ಹಾಕಲಿಲ್ಲ. ಉನೈಸಾ ಸಂಜೆಯಾದರೆ ಪರದೆಯ ಬಳಿ ಕೂತು ಕಾಯುತ್ತಿದ್ದಳು. ಅಳಿಸಿ ಓಡಿಸಿಬಿಟ್ಟೆನಲ್ಲ, ಇನ್ನು ಇವನು ಬರುವುದಿಲ್ಲ, ಸಿಮಾಕನ ಮಾತು ಇಲ್ಲಿಗೇ ನಿಂತಿತು ಎಂದು ಒಳಗೊಳಗೇ ಕುಸಿದಳು. ಮನ್ನಾ ಮಾಡಿದೆನೆಂದು ಹೇಳಿಕಳಿಸೋಣವೇ ಎಂದೂ ಯೋಚಿಸಿದಳು. ಅಷ್ಟರಲ್ಲಿ ಒಂದು ಸಂಜೆ ಅಂಗಳದಲ್ಲಿ ಕೆಮ್ಮಿದ ಸದ್ದಾಯಿತು.

“ಮಿಕ್ಕಿದ್ದೆಲ್ಲ ಕಲ್ತು ಬಂದಿದ್ದೀನಿ ಅತ್ತಿಗೆ. ಇನ್ನು ಚಿಟಿಕೆ ಲೆಕ್ಕ ಬೇಡ. ಹಿಡಿ ನೋಡೋಣ.”

ಜೊತೆಗೆ ಅಬೂ ಮುಲೈಲರನ್ನೂ, ಸಾಕ್ಷಿಗೆಂದು ಪಕ್ಕದ ಮನೆಯ ಇನ್ನೊಬ್ಬರನ್ನೂ ಕರೆತಂದಿದ್ದ. ಕಥೆಯಲ್ಲಿ ಅಣ್ಣತಮ್ಮಂದಿರು ಒಂದಾದರು, ತಂದೆಗೆ ಕಣ್ಣು ಬಂತು, ಅಧ್ಯಾಯ ಮುಗಿಯಿತು. ಉನೈಸಾ ಅವನು ಕಲಿಸಿದ್ದನ್ನೆಲ್ಲ ಸೆರೆಮನೆಯಿಂದ ಕೊನೆಯ ಸಾಲಿನವರೆಗೆ ಒಪ್ಪಿಸಿದಳು. ಮುದುಕರು ಕಣ್ಣು ಮುಚ್ಚಿ ಕೇಳಿದರು, ಎಲ್ಲಿಯೂ ತಡೆಯಲಿಲ್ಲ.

“ನನ್ನ ಮಹರ್ ಪೂರಾ ಸಂದಿದೆ,” ಎಂದಳು. “ನನ್ನ ಗಂಡ ಯಾರಿಗೂ ಏನೂ ಕೊಡಬೇಕಾಗಿಲ್ಲ. ನೀವೆಲ್ಲ ಸಾಕ್ಷಿ.”

ಎಲ್ಲರೂ ಎದ್ದರು. ಖಿದಾಶ್ ಮಾತ್ರ ಬಾಗಿಲ ತನಕ ಹೋಗಿ ತಿರುಗಿ ಬಂದು, ತಲೆ ಕೆರೆದುಕೊಳ್ಳುತ್ತ ನಿಂತ.

“ಇನ್ನೇನೋ? ತೋಟದ ಪಾಲು ನಿಂಗೆ ಸಿಕ್ತಲ್ಲ,” ಎಂದರು ಅಬೂ ಮುಲೈಲ್.

“ತೋಟದ್ದಲ್ಲ ತಾತ.” ಅವನು ಪರದೆಯ ಕಡೆ ತಿರುಗಿದ. “ಅತ್ತಿಗೆ, ಯೂಸುಫ್ ಸೆರೆಮನೆಗೆ ಹೋಗಿದ್ದಾದ್ರೂ ಯಾಕೆ? ಮಕ್ಕಳು ದಿನಾ ಪ್ರಾಣ ತಿಂತಾವೆ. ಅಣ್ಣಂದಿರು ಏನೋ ಮಾಡಿದ್ರು ಅಂತ ಗೊತ್ತಾಗುತ್ತೆ, ಏನು ಮಾಡಿದ್ರು? ನಾನು ಮಹಾ ಲೆಕ್ಕಾಚಾರದವನು, ಬಾಕಿಯಷ್ಟೇ ಕಲಿತೆ. ಅರ್ಧ ಕಥೆ ಇಟ್ಕೊಂಡು ಏನು ಮಾಡ್ಲಿ?”

ಮುದುಕರಿಗೆ ನಗು ತಡೆಯಲಾಗಲಿಲ್ಲ. ಹೇಳಿಕೊಡಲು ಬಾಯಿ ತೆರೆದವರು ಏನನ್ನೋ ನೆನೆದು ಹಾಗೇ ಮುಚ್ಚಿಕೊಂಡರು.

“ಆ ಅರ್ಧ ನನ್ನ ಹತ್ರ ಇದೆ,” ಎಂದಳು ಉನೈಸಾ ಮೆಲ್ಲಗೆ. “ನಿಮ್ಮಣ್ಣ ಕೊಟ್ಟಿದ್ದು. ಹೋಗಿ ಮಕ್ಕಳನ್ನ ಕರ್ಕೊಂಡು ಬಾ. ಬುಸೈನಾನೂ ಬರಲಿ.”

ಬುಸೈನಾ ಹಿಟ್ಟಿನ ಕೈಯಲ್ಲೇ ಬಂದಳು. ಮಕ್ಕಳು ಚಾಪೆಯ ಮುಂದಿನ ತುದಿಗೆ ನೂಕಾಡಿ ಕೂತರು. ಒಳಗೆ ಉನೈಸಾ ಗಂಟಲು ಸರಿಮಾಡಿಕೊಂಡು, ಎಳೆಯ ಯೂಸುಫ್ ತಂದೆಗೆ ತನ್ನ ಕನಸು ಹೇಳುವಲ್ಲಿಂದ ಎತ್ತಿಕೊಂಡಳು. ಒಂದು ಸಾಲು ಹೇಳಿ ನಿಲ್ಲಿಸಿದಳು. ಅಂಗಳದಲ್ಲಿ ಒಂದು ಗಡಸು ದನಿ, ಅದರ ಹಿಂದೆಯೇ ಮೂರು ಎಳೆಯ ದನಿಗಳು, ತೊದಲುತ್ತ ಅದೇ ಸಾಲನ್ನು ತಿರುಗಿ ಹೇಳಿದವು. ಅವಳು ಮುಂದಿನ ಸಾಲು ಹೇಳಿದಳು.