ವಜೀರನ ಯೋಯೋ, ನನ್ನ ಸೋಪಿನ ವಿದ್ಯೆ

ತಿಪಟೂರು ಸೀಮೆಯಲ್ಲಿ ನನ್ನಷ್ಟು ಸೋಪು ಮಾಡಿದವನು ಇನ್ನೊಬ್ಬ ಹುಟ್ಟಿಲ್ಲ. ಕೆಟ್ಟ ಕೊಬ್ಬರಿಯ ಎಣ್ಣೆಗೆ ಕಾಸ್ಟಿಕ್ ಸೋಡಾ ಬೆರೆಸಿ ನಾನು ಮಾಡಿದ ಸೋಪಿನಲ್ಲಿ ಎಮ್ಮೆ ತೊಳೆದರೆ ಅದು ಸೀಮೆಹಸುವಾಗಿ ಕೊಟ್ಟಿಗೆಗೆ ಬರುತ್ತಿತ್ತು. ಸ್ವಂತ ಕರುವೇ ಗುರುತು ಹಿಡಿಯುತ್ತಿರಲಿಲ್ಲ.

ಈ ಖ್ಯಾತಿ ನಂಬಿಯೇ ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಕಿಬ್ಬನಹಳ್ಳಿಯ ಮೆಕ್ಯಾನಿಕ್ ಜಾವೀದ್ ದಾರಕ್ಕೆ ಕಟ್ಟಿ ಆಡಿಸುವ ಒಂದು ಅಲ್ಯೂಮಿನಿಯಂ ಯೋಯೋ ಹಿಡಿದು ನಮ್ಮ ಹಿತ್ತಲಿಗೆ ಬಂದ. ಅದು ಅವನ ತಮ್ಮ ವಜೀರನದು. ವಜೀರ ಹಿಂದಿನ ವರ್ಷ ಕಾಮಾಲೆಯಾಗಿ ತೀರಿಕೊಂಡಿದ್ದ. ಯೋಯೋದ ಕೆಂಪು ಬಣ್ಣ ಮೇಲೆ ಬಳಿದದ್ದಲ್ಲ, ಲೋಹಕ್ಕೇ ಹತ್ತಿಸಿದ್ದು. ಸಿಮೆಂಟು ನೆಲಕ್ಕೆ ಬಡಿದು ಬಡಿದು ಅಲ್ಲಲ್ಲಿ ಕಿತ್ತುಹೋಗಿತ್ತು. ಒಂದು ಮಗ್ಗುಲಲ್ಲಿ ವಜೀರ ಕೈವಾರದ ಮೊನೆಯಿಂದ ತನ್ನ ಹೆಸರು ಗೀರಿಕೊಂಡಿದ್ದ. ಅವರಮ್ಮ ರುಕ್ಸಾನಮ್ಮನಿಗೆ ಓದು ಬಾರದು. ದಿನಾ ಬೆಳಿಗ್ಗೆ ಆ ಗೀರುಗಳ ಮೇಲೆ ಹೆಬ್ಬೆರಳಾಡಿಸಿಯೇ ಟೀ ಕುಡಿಯುತ್ತಿದ್ದಳು.

"ಕೆಂಪು ಕಿತ್ತೋಗಿ ಗಾಯ ಆದಂಗ್ ಕಾಣ್ತದೆ ಅಂತ ಅಮ್ಮಿ ಅಳ್ತಾಳೆ. ಬಣ್ಣ ತೆಗೆದುಕೊಡು ಯೋಗೀಶ. ಹೆಸ್ರು ಮಾತ್ರ ಹೋಗ್ಬಾರ್ದು ಕಣ್ಲಾ."

"ಬ್ರಹ್ಮ ಬಂದ್ರೂ ಅಳ್ಸಕ್ಕಾಗಲ್ಲ, ಬುಡ್ಲಾ!"

ಜಾವೀದ್ ಯೋಯೋವನ್ನು ಎರಡು ಬಿಲ್ಲೆಯಾಗಿ ಬಿಚ್ಚಿ, ನಡುವಿನ ಬೇರಿಂಗನ್ನು ಜೇಬಿಗಿಟ್ಟುಕೊಂಡ. ನಾನು ಪ್ಲಾಸ್ಟಿಕ್ ಬಕೆಟ್ಟಿನ ನೀರಿಗೆ ಸೋಪಿನ ಅಳತೆಯಲ್ಲೇ ಕಾಸ್ಟಿಕ್ ಸುರಿದು, ಎರಡು ಬಿಲ್ಲೆಗಳನ್ನೂ ಇಳಿಬಿಟ್ಟು ಹಲಗೆ ಮುಚ್ಚಿದೆ. ಒಳಗೆ ಸಾವಿರ ನಾಗರಹಾವು ಬುಸುಗುಟ್ಟಿದ ಹಾಗೆ ಸದ್ದೆದ್ದಿತು.

"ತೆಗೆದು ನೋಡನೇನ್ಲಾ?" ಎಂದ ಜಾವೀದ್.

"ಮುಟ್ಟಬ್ಯಾಡ! ಕಾಸ್ಟಿಕ್ ಕಲೆಸಿದ ಮೇಲೆ ಇಣುಕಿದ್ರೆ ಪಾಕ ಒಡೀತದೆ ಅಂತ ನಮ್ಮಜ್ಜಿ ಓಬಮ್ಮನ ಕಟ್ಟಪ್ಪಣೆ. ತಣ್ಣಗಾಗೋವರ್ಗೂ ಬಿಡಬೇಕು."

"ಇದು ಸೋಪಲ್ವಲ್ಲೋ."

"ಸ್ಪ್ಯಾನರ್ ಹಿಡಿಯೋನು ನಂಗೆ ಹೇಳ್ಕೊಡ್ತೀಯಾ?"

ಅವನು ಮತ್ತೆ ಕೈ ಹಾಕಿಯಾನೆಂದು ಕಲ್ಲು ತಂದು ಹಲಗೆಯ ಮೇಲೆ ಹೇರಿದೆ. ಪಕ್ಕದಲ್ಲಿ ಕೂತು, ಬೋರನಕಣಿವೆ ಜಲಾಶಯದಲ್ಲಿ ನಾನು ಹಿಡಿದ ಮೀನಿನ ಕಥೆ ಶುರು ಮಾಡಿದೆ. ಆ ಮೀನು ಲಾರಿಯಷ್ಟುದ್ದವಿತ್ತು. ಜಾವೀದ್ ನಗಲಿಲ್ಲ, ಬಕೆಟ್ಟನ್ನೇ ನೋಡುತ್ತಿದ್ದ. ನಾನು ಮೀನಿಗೆ ಇನ್ನೊಂದು ಲಾರಿ ಜೋಡಿಸಿದೆ. ಬುಸುಗುಡುವುದು ನಿಂತಾಗ ಬಿಸಿಲು ತೆಂಗಿನ ಗರಿಗಳಿಂದ ಇಳಿದಿತ್ತು.

ಇಕ್ಕಳದಲ್ಲಿ ಎತ್ತಿದೆ. ಕೆಂಪು ಹೋಗಿತ್ತು. ಬಿಲ್ಲೆಗಳು ಸವೆದ ಹಳೇ ನಾಣ್ಯದ ಹಾಗೆ ತೆಳ್ಳಗಾಗಿ, ಬೂದಿ ಬಣ್ಣಕ್ಕೆ ತಿರುಗಿದ್ದವು. ಕಾಸ್ಟಿಕ್ಕು ಬಣ್ಣ ಮುಗಿಸಿ ಲೋಹವನ್ನೂ ತಿಂದಿತ್ತು. ತೊಳೆದೆ. ಬೆಳಕಿಗೆ ಹಿಡಿದೆ. ಮತ್ತೆ ತೊಳೆದೆ. ಹೆಸರಿರಲಿಲ್ಲ.

"ಜಾವೀದ, ನಾನೇ ಗೀರಿಕೊಡ್ತೀನಿ. ಅವನ ಅಕ್ಷರ ಹೆಂಗಿತ್ತೋ ಹಂಗೇ..."

"ನೀನು ಗೀರಿದ್ರೆ ನಿನ್ ಅಕ್ಷರ ಕಣ್ಲಾ," ಎಂದ. ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಬಾ. ಅಮ್ಮಿಗೆ ನೀನೇ ಹೇಳು."

ರುಕ್ಸಾನಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಬಿಲ್ಲೆಗಳನ್ನು ಇಸಿದುಕೊಂಡು, "ಎಷ್ಟು ಹಗುರ ಆಗೈತೆ," ಎಂದಳು. ಒಂದರ ಮೇಲೆ ಹೆಬ್ಬೆರಳಿಟ್ಟು ಸುತ್ತ ಆಡಿಸಿದಳು. ಮಗುಚಿದಳು. ಇನ್ನೊಂದನ್ನು ತೆಗೆದುಕೊಂಡಳು.

ಇಡೀ ಸೀಮೆಗೇ ಕೇಳುವಂತೆ ಸುಳ್ಳು ಹೇಳಬಲ್ಲ ನಾನು ಒಂದು ಸಣ್ಣ ಸುಳ್ಳಿಗಾಗಿ ಬಾಯೊಳಗೆಲ್ಲ ತಡಕಾಡಿದೆ. ಸಿಗಲಿಲ್ಲ.

"ಈ ಮಗ್ಗುಲಲ್ಲೇ ಇತ್ತಲ್ಲಪ್ಪಾ," ಎನ್ನುತ್ತಾ ಅವಳು ಮೊದಲ ಬಿಲ್ಲೆಯನ್ನೇ ಮತ್ತೆ ಕೈಗೆತ್ತಿಕೊಂಡಳು.