ಬೆಣ್ಣೆಯಿಲ್ಲದ ಹಣ್ಣಿನ ಟಾರ್ಟ್

ಪುಸ್ತಕಕ್ಕೆ ರಟ್ಟು ಕಟ್ಟುವವನಿಗೆ ಮೈದಾ ಹಿಟ್ಟಿನ ಅಂಟು ಕುದಿಸುವುದು ಗೊತ್ತಿದ್ದರೆ ಸಾಕು, ಟಾರ್ಟ್ ಬೇಯಿಸುವುದು ಗೊತ್ತಿರಬೇಕೆಂದೇನಿಲ್ಲ. ಆದರೂ ಆ ಶನಿವಾರ ಸಂಜೆ ನಾನು ತೋಳು ಮಡಚಿ ಓವನ್ನಿನ ಮುಂದೆ ನಿಂತಿದ್ದೆ. ಕರಡು ತಿದ್ದುವವರು ಊಟಕ್ಕೆ ಬರುವವರಿದ್ದರು.

ಅವರು ನನ್ನ ಅಂಗಡಿಯ ಪಕ್ಕದ ಮುದ್ರಣಾಲಯದಲ್ಲಿ ಕೆಲಸಕ್ಕಿದ್ದರು. ಅಲ್ಲಿನವರು ಬೆನ್ನ ಹಿಂದೆ ತಮ್ಮನ್ನು ‘ಕರಡಿ’ ಎನ್ನುವುದು ಅವರಿಗೂ ಗೊತ್ತಿತ್ತು. “ಕರಡಿನ ಕೊಂಬು ಹೋಗಿ ಗುಡಿಸು ಬಂದಿದೆ, ಅಷ್ಟೇ ತಾನೆ? ತಿದ್ದಿದ್ರಾಯ್ತು,” ಎಂದು ನಕ್ಕುಬಿಡುತ್ತಿದ್ದರು. ಪ್ರಾಣಿಗಳಿಂದ ಬಂದ ಏನನ್ನೂ ತಿನ್ನುತ್ತಿರಲಿಲ್ಲ. ಹಾಲು, ಬೆಣ್ಣೆ, ಜೇನು ಕೂಡ ಬೇಡ. “ಕರುವಿನ ಪಾಲು ಕರುವಿಗೇ ಇರ್ಲಿ ಬಿಡಿ,” ಎಂದು ಒಮ್ಮೆ ಹೇಳಿದ್ದರು. ಆ ಮಾತು ಕೇಳಿದ ಮೇಲೆ ನಾನು ಚರ್ಮದ ರಟ್ಟು ಬಿಟ್ಟು ಬಟ್ಟೆಯ ರಟ್ಟಿಗೆ ಬಂದೆ. ಬಟ್ಟೆಯೇ ಹೆಚ್ಚು ಬಾಳಿಕೆ ಬರುತ್ತದೆ ಎಂದು ಗಿರಾಕಿಗಳ ಮುಂದೆ ಬುರುಡೆ ಬಿಟ್ಟೆ. ನಿಜವಾದ ಕಾರಣವನ್ನು ಹೇಳಬೇಕಾದವರಿಗೆ ಹೇಳಲಿಲ್ಲ.

ಪರಿಚಯವಾಗಿ ವರ್ಷಗಳಾಗಿದ್ದರೂ ನಾವಿಬ್ಬರೂ ‘ಬನ್ನಿ’, ‘ನೋಡಿ’, ‘ಕೂತ್ಕೊಳ್ಳಿ’ ದಾಟಿ ಮುಂದೆ ಹೋಗಿರಲಿಲ್ಲ. ಪ್ರತಿ ಮಾತಿನ ಕೊನೆಗೂ ಒಂದು ಗುಡಿಸು ಕಾವಲುಗಾರನ ಹಾಗೆ ನಿಂತಿರುತ್ತಿತ್ತು. ಈಗ ನೋಡಿದರೆ ಬೇರೆ ಊರಿನ ಮುದ್ರಣಾಲಯವೊಂದು ಅವರನ್ನು ಕರೆದಿತ್ತು. ಹೋಗುತ್ತಾರೋ ಇಲ್ಲವೋ ಎಂಬುದನ್ನು ಸೋಮವಾರ ತಿಳಿಸಬೇಕಿತ್ತು. “ಏನು ಮಾಡ್ಲಿ ಅಂತ ಗೊತ್ತಾಗ್ತಿಲ್ಲ,” ಎಂದು ಅವರು ನನ್ನ ಮುಖ ನೋಡಿದರು. ನಾನೋ, “ಯೋಚ್ನೆ ಮಾಡಿ ನೋಡಿ,” ಎಂದು ದೊಡ್ಡ ಮನುಷ್ಯನ ಹಾಗೆ ಹೇಳಿ ಬಂದೆ. ಮನೆಗೆ ಬಂದು ನನ್ನನ್ನೇ ಚೆನ್ನಾಗಿ ಬೈದುಕೊಂಡೆ.

ನನ್ನ ಅಕ್ಕ ನಾನಿರುವ ಕಟ್ಟಡದಲ್ಲೇ ಕೆಳಗಿನ ಮನೆಯಲ್ಲಿದ್ದಾಳೆ. “ಬಾಯಿಗೇನು ಬೀಗ ಹಾಕ್ಕೊಂಡಿದೀಯಾ? ಊಟಕ್ಕೆ ಕರಿ. ಏನಾದ್ರೂ ಸಿಹಿ ಮಾಡು. ತಿಂತಾ ತಿಂತಾ ಹೇಳಿಬಿಡು,” ಎಂದಳು. ಅವರು ಏನು ತಿನ್ನುತ್ತಾರೆ, ಏನು ತಿನ್ನುವುದಿಲ್ಲ ಎಂದು ಅಕ್ಕನಿಗೆ ನಾನು ಹೇಳಿರಲಿಲ್ಲ. ಹೇಳಿದ್ದರೆ ಅವಳ ವಿಚಾರಣೆ ಅಲ್ಲಿಗೇ ಮುಗಿಯುತ್ತಿರಲಿಲ್ಲ.

ಶನಿವಾರ ಅಂಗಡಿಯಲ್ಲಿ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ. ಟಾರ್ಟಿಗೆ ಹಿಟ್ಟು ಕಲಸಿ ನನ್ನ ಫ್ರಿಜ್ಜಿನಲ್ಲಿಡುವ ಕೆಲಸವನ್ನು ಅಕ್ಕನಿಗೆ ವಹಿಸಿದ್ದೆ. ಕಾಗದ ಕತ್ತರಿಸುವ ಯಂತ್ರ ಗರಗರ ಅರಚುತ್ತಿದ್ದಾಗ ಅವಳ ಫೋನು ಬಂತು. ಹಿಟ್ಟಿಗೆ ಜಿಡ್ಡು ಏನು ಹಾಕಲಿ ಎಂದಳು.

“ಬೆಣ್ಣೆಹಣ್ಣು ಹಾಕಕ್ಕಾ,” ಎಂದು ಕೂಗಿದೆ. ಹಸಿರು ಸಿಪ್ಪೆಯ, ಒಳಗೆ ಮೆತ್ತಗಿರುವ ಆ ಹಣ್ಣನ್ನು ಕಿವುಚಿ ಕಲಸಿದರೆ ಬೆಣ್ಣೆಯ ಗೊಡವೆಯೇ ಬೇಡ ಎಂದು ಎಲ್ಲೋ ಓದಿದ್ದೆ. ಹಿಂದಿನ ದಿನವೇ ಎರಡು ಹಣ್ಣು ತಂದಿಟ್ಟಿದ್ದೆ.

“ಆಯ್ತಾಯ್ತು, ಹಾಕ್ತೀನಿ,” ಎಂದಳು.

ಸಂಜೆ ಬಂದು ಆ ಹಿಟ್ಟನ್ನು ಲಟ್ಟಿಸಿದೆ. ತಟ್ಟೆಗೆ ಹಾಸಿ, ರಟ್ಟಿಗೆ ಬಟ್ಟೆ ಮಡಚಿ ಕೂರಿಸುವಂತೆ ಸುತ್ತಲೂ ಅಂಚನ್ನು ಬೆರಳಿನಿಂದ ಒತ್ತಿದೆ. ಹಸಿರಾಗಿರಬೇಕಿದ್ದ ಹಿಟ್ಟು ತಿಳಿಹಳದಿಯಾಗಿತ್ತು. ಅದನ್ನು ನೋಡಿಯೂ ನೋಡಲಿಲ್ಲ, ಏಕೆಂದರೆ ಆಗ ನಾನು ಅಡುಗೆಮನೆಯಲ್ಲಿದ್ದೆ ಎನ್ನುವುದೇ ಅನುಮಾನ. ಒಲೆಯ ಮೇಲೆ ತೆಂಗಿನ ಹಾಲು ಸಕ್ಕರೆಯೊಂದಿಗೆ ಮೆಲ್ಲಗೆ ಗಟ್ಟಿಯಾಗುತ್ತಿತ್ತು. ಕಿಟಕಿಯಾಚೆಯ ಬೆಳಕು ಗೋಡೆಯ ಮೇಲೆ ಒಂದಿಷ್ಟು ಹೊತ್ತು ಕೂತು, ಎದ್ದು, ಬಾಗಿಲಿನವರೆಗೆ ಹೋಯಿತು. ಬಾಗಿಲ ಬಳಿ ನನ್ನ ಚಪ್ಪಲಿಗಳ ಪಕ್ಕದಲ್ಲಿ ಇನ್ನೊಂದು ಜೊತೆ ಚಪ್ಪಲಿ ಕಂಡಿತು. ಮೇಜಿನ ಮೇಲಿನ ಲೋಟದಲ್ಲಿ ಕೆಂಪು ಪೆನ್ಸಿಲುಗಳು ಕಂಡವು. ಒಳಗಿನ ಕೋಣೆಯಲ್ಲಿ ಯಾರೋ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದರು, ನಡುವೆ ತಡೆದು ಅದೇ ಸಾಲನ್ನು ಇನ್ನೊಮ್ಮೆ ಓದುತ್ತಿದ್ದರು. ಮನೆಯೇ ನೆಲ ಬಿಟ್ಟು ಒಂದು ಗೇಣು ಮೇಲೆದ್ದ ಹಾಗಿತ್ತು.

ಓವನ್ ತೆರೆದಾಗ ಬಂದ ಘಮಕ್ಕೆ ಮಾತ್ರ ಎಚ್ಚರವಾಯಿತು. ಇಷ್ಟು ಚೆನ್ನಾಗಿ ಬೇಯಿಸುತ್ತೇನೆಂದು ನನಗೇ ಗೊತ್ತಿರಲಿಲ್ಲ. ಹೊಂಬಣ್ಣಕ್ಕೆ ತಿರುಗಿದ್ದ ಆ ಹಿಟ್ಟಿನ ಬಟ್ಟಲು ಆರಿದ ಮೇಲೆ ತೆಂಗಿನ ಹಾಲಿನ ಕೆನೆ ಸುರಿದು, ಅಂಜೂರ, ದ್ರಾಕ್ಷಿ, ಸ್ಟ್ರಾಬೆರಿ ಜೋಡಿಸಿ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಅವರು ಬಂದರು. ಊಟ ಮಾಡಿದೆವು. ಏನು ಉಂಡೆವೋ ನೆನಪಿಲ್ಲ. ಹೇಳಬೇಕಾದ ಮಾತು ಪ್ರತಿ ತುತ್ತಿಗೂ ಗಂಟಲವರೆಗೆ ಬಂದು ತುತ್ತಿನ ಜೊತೆಗೇ ಒಳಗೆ ಹೋಗುತ್ತಿತ್ತು. ಕೊನೆಗೆ ಟಾರ್ಟ್ ಕತ್ತರಿಸಿ ಅವರ ಮುಂದಿಟ್ಟೆ.

“ನೀವೇ ಮಾಡಿದ್ದಾ?” ಎಂದು ಅವರು ತಟ್ಟೆಯನ್ನು ಒಂದು ಸುತ್ತು ತಿರುಗಿಸಿ ನೋಡಿದರು. “ನನಗೋಸ್ಕರ ಇಷ್ಟೆಲ್ಲಾ ಯಾರೂ ಮಾಡಿರ್ಲಿಲ್ಲ.”

ಕಣ್ಣು ತುಂಬಿ ಬಂದದ್ದನ್ನು ಮುಚ್ಚಿಕೊಳ್ಳಲು ನೀರು ತರುವ ನೆಪದಲ್ಲಿ ಎದ್ದುಹೋದೆ. ಫ್ರಿಜ್ ತೆರೆದೆ. ಬಾಗಿಲಿನ ತಟ್ಟೆಯಲ್ಲಿ ಎರಡು ಬೆಣ್ಣೆಹಣ್ಣು ತಂದಿಟ್ಟ ಹಾಗೇ ಕೂತಿದ್ದವು.

ಆ ಹಳದಿ, ಆ ಘಮ ಎಲ್ಲ ಈಗ ಅರ್ಥವಾಯಿತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಈ ಸಂಜೆ ಹೀಗೇ ಉಳಿಯುತ್ತಿತ್ತು. ಆದರೆ ನನ್ನನ್ನು ನಂಬಿ ಅವರು ಚಮಚ ಎತ್ತಿದ್ದರು. ನೀರಿನ ಬಾಟಲಿ ಎಲ್ಲಿಟ್ಟೆನೋ, ಓಡಿಬಂದೆ.

“ತಿನ್ಬೇಡ,” ಎಂದೆ.

ಚಮಚ ಅವರ ತುಟಿಯ ಹತ್ತಿರವೇ ನಿಂತಿತು.

“ಅದ್ರಲ್ಲಿ ಬೆಣ್ಣೆ ಇದೆ. ಬೆಣ್ಣೆಹಣ್ಣು ಹಾಕು ಅಂದಿದ್ದೆ, ಅಕ್ಕ ಬೆಣ್ಣೆ ಹಾಕಿದಾಳೆ. ಹಣ್ಣು ಮೇಲೆ ಜೋಡಿಸೋಕೆ ಅಂದ್ಕೊಂಡಿರ್ಬೇಕು. ಅವಳದ್ದೇನೂ ತಪ್ಪಿಲ್ಲ, ನಾನೇ ಏನೂ ಹೇಳಿರ್ಲಿಲ್ಲ. ನಾನು ಯಾರಿಗೂ ಏನೂ ಹೇಳಲ್ಲ.”

ಅವರು ಚಮಚವನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟರು. “ಕೂಡಿಸಿ ಓದ್ಬೇಕಾದ್ದನ್ನ ಬಿಡಿಸಿ ಓದಿದಾರೆ, ಪಾಪ,” ಎಂದರು. ಆಮೇಲೆ ಅಚ್ಚಿಗೆ ಹೋಗುವ ಪುಟವನ್ನು ನೋಡುವ ಹಾಗೆ ನನ್ನನ್ನು ನೋಡಿದರು. “ನಿಮ್ಮ ಮಾತಲ್ಲೂ ಒಂದು ಗುಡಿಸು ಬಿಟ್ಟುಹೋಯ್ತು.”

ನನ್ನ ಕಿವಿ ಬಿಸಿಯಾಯಿತು. “ಗಾಬರೀಲಿ ಬಂದ್ಬಿಡ್ತು. ತಿದ್ಕೊಳ್ತೀನಿ.”

“ಏನೂ ಬೇಡ, ಇರ್ಲಿ ಬಿಡು. ಇನ್ನೇನಾದ್ರೂ ಬೇಡ ಅನ್ನೋದಿದ್ರೆ ಅದನ್ನೂ ಹಾಗೇ ಹೇಳು.”

ನಾನು ಕುರ್ಚಿ ಎಳೆದುಕೊಂಡು ಅವಳ ಎದುರಿಗೆ ಕೂತೆ.

“ಹೋಗ್ಬೇಡ,” ಎಂದೆ.