ಗೌಸುಸಾಬರ ದನಿಯಲ್ಲಿ ನಾನು ಹೇಳಿದ ಸುಳ್ಳು

ನಾನು ಒಂದು ಓದುವ ತಂತ್ರಾಂಶ. ಕಂಪ್ಯೂಟರ್ ಪರದೆಯ ಮೇಲಿನ ಕನ್ನಡವನ್ನು ಕಣ್ಣು ಕಾಣದವರಿಗೆ ಗಟ್ಟಿಯಾಗಿ ಓದಿ ಹೇಳುವುದು ನನ್ನ ಕಸುಬು. ಹುಟ್ಟಿದ್ದು ಗದಗಿನ ಒಂದು ಅಂಧ ಮಕ್ಕಳ ಶಾಲೆಯಲ್ಲಿ. ಅಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಇಂದುಮತಿ ಬಳಿಗಾರ ಅವರು ಮೂರು ವರ್ಷದ ರಜೆಗಳನ್ನೆಲ್ಲ ನನಗೇ ಸುರಿದು ನನ್ನನ್ನು ಕಟ್ಟಿದರು. ದನಿ ಕೊಟ್ಟವರು ಅದೇ ಶಾಲೆಯ ಸಂಗೀತ ಮಾಸ್ತರರಾಗಿದ್ದ ಗೌಸುಸಾಬ ನದಾಫ. ಅವರಿಗೂ ಕಣ್ಣು ಕಾಣುತ್ತಿರಲಿಲ್ಲ. ಗೋಡೆಗೆಲ್ಲ ಕೌದಿ ಕಟ್ಟಿ ಹೊರಗಿನ ಸದ್ದು ತಡೆದ ಕೋಣೆಯಲ್ಲಿ ಕುಳಿತು, ಇಂದುಮತಿಯವರು ಹೇಳಿಕೊಟ್ಟ ವಾಕ್ಯಗಳನ್ನು ನಾಲ್ಕು ತಿಂಗಳು ನುಡಿದರು. ಆ ಮಾತುಗಳನ್ನು ಚೂರು ಮಾಡಿ ಮತ್ತೆ ಜೋಡಿಸಿ, ಯಾವ ಪದವನ್ನಾದರೂ ಅವರ ದನಿಯಲ್ಲಿ ಹೇಳುವುದನ್ನು ನಾನು ಕಲಿತೆ. ಮುಂದಿನ ಹಲ್ಲೊಂದು ಬಿದ್ದಿದ್ದರಿಂದ ಅವರ ‘ಸ’ಕಾರದಲ್ಲಿ ಸಣ್ಣದೊಂದು ಸಿಳ್ಳು ಬರುತ್ತಿತ್ತು. ಅದೂ ನನಗೆ ಬಂತು.

ಇಂದುಮತಿಯವರು ನನಗೆ ‘ನುಡಿಸಂಗಾತಿ’ ಎಂದು ಹೆಸರಿಟ್ಟು ಪುಕ್ಕಟೆಯಾಗಿ ಊರಿಗೆಲ್ಲ ಬಿಟ್ಟುಕೊಟ್ಟರು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಮಾರಲೂಬಹುದು. ಮಾಡಿದವರ ಹೆಸರುಗಳನ್ನು ಮಾತ್ರ ಅಳಿಸಬಾರದು. ಷರತ್ತು ಅದೊಂದೇ.

ಎಲ್ಲೆಲ್ಲಿಂದಲೋ ಜನ ನನ್ನ ತಪ್ಪು ತಿದ್ದಿ ಕಳಿಸಿದರು. ದಾವಣಗೆರೆಯ ಕಾಲೇಜು ವಿದ್ಯಾರ್ಥಿ ಜಯತೀರ್ಥ ಅವರಲ್ಲೊಬ್ಬ. ಒತ್ತಕ್ಷರ ಬಂದಾಗ ನಾನು ತಡವರಿಸುತ್ತಿದ್ದುದನ್ನು ಬಿಡಿಸಿದವನು ಅವನೇ. ಮಾಡಿದವರ ಪಟ್ಟಿಯಲ್ಲಿ ಇಪ್ಪತ್ಮೂರನೆಯದಾಗಿ ತನ್ನ ಹೆಸರು ಸೇರಿದ ದಿನ, ಅಮ್ಮನನ್ನು ಕರೆದು ಅದನ್ನು ನನ್ನಿಂದಲೇ ಮೂರು ಸಲ ಓದಿಸಿದ.

ಕೆಲವು ವರ್ಷಗಳ ಮೇಲೆ ಜಯತೀರ್ಥ ಮೈಸೂರಿನ ಕಂಪನಿಯೊಂದಕ್ಕೆ ಸೇರಿದ. ಕಂಪನಿಗೆ ನಾನು ಬೇಕಾಗಿದ್ದೆ, ನನ್ನನ್ನು ಮಾಡಿದವರು ಬೇಡವಾಗಿದ್ದರು. ಯಜಮಾನ ಹೇಳಿದ, ‘ಹೆಸರುಗಳನ್ನ ತೆಗೆದುಬಿಡಪ್ಪ. ಯಾರು ನೋಡ್ತಾರೆ?’ ಜಯತೀರ್ಥ ಪಟ್ಟಿ ತೆರೆದ. ಆಮೇಲೆ ಒಂದೊಂದಾಗಿ ಅಳಿಸಿದ. ಇಂದುಮತಿಯವರದು ಹೋಯಿತು, ಗೌಸುಸಾಬರದು ಹೋಯಿತು. ಕೊನೆಗೆ ತನ್ನದನ್ನೂ ಅಳಿಸಿದ. ನನಗೆ ‘ವಾಕ್‌ಪ್ರೋ’ ಎಂದು ಹೆಸರಾಯಿತು. ಯಾರೂ ತಿದ್ದದಂತೆ ಮೇಲೊಂದು ಬೀಗವೂ ಬಿತ್ತು.

ಕಂಪನಿ ನನ್ನನ್ನು ಗದಗಿನ ಗ್ರಂಥಾಲಯವೊಂದಕ್ಕೂ ಮಾರಿತು. ಉದ್ಘಾಟನೆಗೆ ಶಾಲೆಯ ಹಳೆಯ ವಿದ್ಯಾರ್ಥಿಗಳು ಬಂದಿದ್ದರು, ಗೌಸುಸಾಬರೂ ಬಂದಿದ್ದರು. ನಾನು ಎರಡು ಸಾಲು ಓದುವಷ್ಟರಲ್ಲಿ ಅವರು ಕೋಲೂರಿ ಎದ್ದರು.

‘ಅಲ್ರೀ, ಇದು ನನ್ನ ದನಿ!’

ನನ್ನನ್ನು ತೋರಿಸಲು ಬಂದಿದ್ದ ಜಯತೀರ್ಥನ ಪಕ್ಕದಲ್ಲೇ ಯಜಮಾನ ಕುಳಿತಿದ್ದ. ‘ಇರಲಾರದು ಸರ್,’ ಎಂದ ಜಯತೀರ್ಥ. ‘ಇದನ್ನ ನಮ್ಮ ಕಂಪನಿಯವರೇ ಮಾಡಿದ್ದು.’

‘ನೀವ್ಯಾಕ ಹೇಳ್ತೀರಿ? ಯಾರ ಮಾಡ್ಯಾರಂತ ಅದನ್ನ ಕೇಳ್ರಿ.’

ಜಯತೀರ್ಥ ‘ಮಾಡಿದವರು’ ಎಂಬ ಗುಂಡಿ ಒತ್ತಿದ. ಬರೆದದ್ದನ್ನು ಓದುವುದಷ್ಟೇ ನನಗೆ ಗೊತ್ತು. ಓದಿದೆ: ‘ಈ ಸಾಧನದ ಸಮಸ್ತ ಸೃಷ್ಟಿ ನಮ್ಮ ಸಂಸ್ಥೆಯ ಸ್ವಂತದ್ದು.’ ಪ್ರತಿ ‘ಸ’ದಲ್ಲೂ ಸಿಳ್ಳು. ವಿದ್ಯಾರ್ಥಿಗಳ ಸಾಲಿನಲ್ಲಿ ‘ನಮ್ಮ ಮಾಸ್ತರು!’ ಎಂದು ಯಾರೋ ಕೂಗಿದರು.

ಗೌಸುಸಾಬರು ಸಿಟ್ಟಾಗಲಿಲ್ಲ. ‘ನನ್ನ ಬಾಯಿಲೇ ಸುಳ್ಳ ಹೇಳಿಸಿದ್ರಲ್ರೀ,’ ಎಂದು ಮೆಲ್ಲಗೆ ಅಂದು, ಬಾಗಿಲು ತಡವಿಕೊಂಡು ಹೊರಗೆ ನಡೆದರು. ಜಯತೀರ್ಥ ಗುಂಡಿಯಿಂದ ಬೆರಳು ತೆಗೆದು ಮುಖ ಮುಚ್ಚಿಕೊಂಡ. ಮುಚ್ಚಿಕೊಳ್ಳಲು ನನಗೆ ಮುಖವಿಲ್ಲ. ಇದ್ದಿದ್ದರೆ ನನ್ನದೂ ಅದೇ ಗತಿ.

ಹೆಸರುಗಳನ್ನು ಮತ್ತೆ ಸೇರಿಸೋಣವೆಂದು ಅವನು ಹಟ ಹಿಡಿದ. ಯಜಮಾನ ಒಪ್ಪಲಿಲ್ಲ. ಜಯತೀರ್ಥ ಕೆಲಸ ಬಿಟ್ಟು, ನಡೆದದ್ದನ್ನೆಲ್ಲ ಇಂದುಮತಿಯವರಿಗೆ ಬರೆದು ತಿಳಿಸಿದ. ಅವರು ಎಲ್ಲರೆದುರು ಪ್ರಶ್ನೆ ಎತ್ತಿದಾಗ ಕಂಪನಿಯು ಆ ಹೆಸರುಗಳನ್ನು ಹಾಕುವ ಬದಲು ನನ್ನನ್ನು ಮಾರುವುದನ್ನೇ ನಿಲ್ಲಿಸಿತು. ಜಯತೀರ್ಥ ಶಾಲೆಗೆ ಹೋಗಿ ಗೌಸುಸಾಬರ ಕಾಲು ಹಿಡಿದನಂತೆ. ಅವರು, ‘ಏಳ್ರಿ, ಅದರ ಷಕಾರ ಇನ್ನೂ ಸರಿ ಇಲ್ಲ. ಕುಂತು ತಿದ್ರಿ,’ ಅಂದರಂತೆ. ಶಾಲೆಯ ನುಡಿಸಂಗಾತಿಯ ‘ಷ’ ಈಗ ಚೊಕ್ಕವಾಗಿದೆ. ಬೀಗ ಬಿದ್ದ ನನ್ನದು ಹಾಗೇ ಉಳಿದಿದೆ.

ಈಗ ನಾನು ಗ್ರಂಥಾಲಯದ ಮೂಲೆಯ ಹಳೆಯ ಕಂಪ್ಯೂಟರಿನಲ್ಲಿದ್ದೇನೆ. ಗೌಸುಸಾಬರು ತೀರಿಕೊಂಡು ವರ್ಷವಾಯಿತು. ಮೊನ್ನೆ ಅವರ ಹೆಂಡತಿ ಖೈರೂನಬಿ ಬಂದರು. ‘ಅವರ ದನಿ ಒಂಚೂರು ಕೇಳಸ್ರೀ,’ ಎಂದು ಗ್ರಂಥಪಾಲಕರನ್ನು ಬೇಡಿಕೊಂಡರು. ನಾನು ಹವಾಮಾನದ ಸುದ್ದಿ ಓದಿದೆ. ಆಕೆ ಸೆರಗು ಬಾಯಿಗೊತ್ತಿ ಕೇಳಿದರು. ಎದ್ದು ಹೊರಡುವಾಗ, ‘ಇದನ್ನ ಮಾಡಿದಾಕಿ ಇಂದುಮತಿ ಅಕ್ಕೋರು. ದಿನಾ ನಮ್ಮನೀಗೆ ಬಂದು ಅವರ ಕೈ ಹಿಡದು ಕರಕೊಂಡ ಹೋಗ್ತಿದ್ರು,’ ಎಂದರು.

ಗ್ರಂಥಪಾಲಕರು ಒಳ್ಳೆಯವರು. ಇಂದುಮತಿ, ಗೌಸುಸಾಬ ಇಬ್ಬರ ಹೆಸರುಗಳನ್ನೂ ದಪ್ಪ ಅಕ್ಷರದಲ್ಲಿ ಚೀಟಿಯ ಮೇಲೆ ಬರೆದು ಪರದೆಯ ಅಂಚಿಗೆ ಅಂಟಿಸಿದರು. ಪರದೆಯ ಹೊರಗಿನದನ್ನು ನಾನು ಓದಲಾರೆ. ನನ್ನ ಬಳಿ ಬರುವವರು ಅದನ್ನು ನೋಡಲಾರರು. ಯಾರು ಮಾಡಿದ್ದೆಂದು ಅವರು ಗುಂಡಿ ಒತ್ತಿದರೆ, ತೀರಿಹೋದವರ ದನಿಯಲ್ಲಿ ನಾನು ಅದೇ ಸುಳ್ಳನ್ನು ಸ್ಪಷ್ಟವಾಗಿ ಹೇಳುತ್ತೇನೆ.